ಅಪ್‌ಡೇಟ್: ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ) ಯಾವ ಹಾರಾಟದ ಗಂಟೆ ಸೇರಿಸ್ಬೇಕು ಅಂತ ಕೇಳಿದ್ನಲ್ಲ, ತೀರ್ಮಾನ ಆಯ್ತು

ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ ನಾನೇ. ಲೈಸೆನ್ಸ್‌ಗೆ ಉಳಿದಿರೋ ಗಂಟೆಗಳನ್ನ ಮಲ್ಟಿ ಎಂಜಿನ್ ವಿಮಾನದಲ್ಲಿ ಹಾರ್ಸ್ಲಾ, ಸಿಂಗಲ್ ಎಂಜಿನ್‌ನಲ್ಲೇ ಮುಗ್ಸ್ಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ನೀವೆಲ್ಲ ಸಲಹೆ ಕೊಟ್ಟಿದ್ರಿ. ನಮ್ಮ ಇನ್‌ಸ್ಟ್ರಕ್ಟರ್ ಹತ್ರ ಲಾಗ್‌ಬುಕ್ ಇಟ್ಕೊಂಡು ಕೂತು ಮಾತಾಡಿ ಬಂದೆ.

ಚಿತ್ರದುರ್ಗದ ಅಣ್ಣ ಒಬ್ರು "ಮೊದ್ಲು ಡಿಜಿಸಿಎ (ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ) ಲೆಕ್ಕ ನೋಡು, ಆಮೇಲೆ ಯಾವ ವಿಮಾನ ಅಂತ ಆಯ್ಕೆ ಮಾಡು" ಅಂದಿದ್ರಲ್ಲ, ಅದೇ ಕೆಲ್ಸಕ್ಕೆ ಬಂತು, ತುಂಬಾ ಥ್ಯಾಂಕ್ಸ್ ಅಣ್ಣ. ಒಟ್ಟು 200 ಗಂಟೆ ಬೇಕು, ಅದ್ರಲ್ಲಿ 100 ಪೈಲಟ್ ಇನ್ ಕಮಾಂಡ್ ಆಗಿ (ವಿಮಾನದ ಪೂರ್ತಿ ಜವಾಬ್ದಾರಿ ನಮ್ದೇ), ಅದ್ರೊಳ್ಗೆ 20 ಗಂಟೆ ಕ್ರಾಸ್ ಕಂಟ್ರಿ (ಒಂದು ಊರಿಂದ ಬೇರೆ ಊರಿಗೆ ಹಾರೋದು), ಅದ್ರಲ್ಲೇ 300 ನಾಟಿಕಲ್ ಮೈಲಿಯ ಒಂದು ಹಾರಾಟ, ದಾರೀಲಿ ಎರಡು ಬೇರೆ ಏರ್‌ಪೋರ್ಟ್‌ನಲ್ಲಿ ಪೂರ್ತಿ ಇಳಿದು ನಿಲ್ಲಿಸ್ಬೇಕು. ರಾತ್ರಿ ಹಾರಾಟ 5 ಗಂಟೆ. ಹಂಗಾಗಿ ಸರ್ಕ್ಯೂಟ್‌ನಲ್ಲೇ (ಒಂದೇ ಏರ್‌ಪೋರ್ಟ್ ಸುತ್ತ) ಸುತ್ತಿ ಗಂಟೆ ತುಂಬ್ಸು ಅನ್ನೋ ಸಲಹೆ ಉಪಯೋಗ ಆಗ್ಲಿಲ್ಲ.

ಸಿಮ್ಯುಲೇಟರ್‌ನಲ್ಲೇ ಇನ್‌ಸ್ಟ್ರುಮೆಂಟ್ ಗಂಟೆ (ಹೊರಗೆ ನೋಡ್ದೆ ಮೀಟರ್ ನೋಡ್ಕೊಂಡೇ ಹಾರೋದು) ಮುಗ್ಸು, ಖರ್ಚು ಕಮ್ಮಿ ಅಂದಿದ್ದೂ ಅರ್ಧ ಮಾತ್ರ ನಡೀತದೆ, ಬೇಕಿರೋ 10 ಗಂಟೇಲಿ 5ಕ್ಕಿಂತ ಜಾಸ್ತಿ ಒಪ್ಪಲ್ಲ, ಇದು ನಂಗೆ ನಿಜವಾಗ್ಲೂ ಹೊಸ ವಿಷ್ಯ.

ಮಲ್ಟಿ ಎಂಜಿನ್ ರೇಟಿಂಗ್‌ಗೆ (ಆ ಥರದ ವಿಮಾನ ಹಾರ್ಸೋ ಅನುಮತಿಗೆ) ಎಷ್ಟು ಬೇಕೋ ಅಷ್ಟೇ ಅದ್ರಲ್ಲಿ ಹಾರ್ಸ್ತೀನಿ, ಉಳಿದಿದ್ದು ಸಿಂಗಲ್ ಎಂಜಿನ್‌ನಲ್ಲೇ, ಮಲ್ಟಿ ಎಂಜಿನ್‌ಗೆ ಗಂಟೆಗೆ ದುಡ್ಡು ಬಹಳ ಆಗ್ತದೆ, ಅಪ್ಪ ಅಡಿಕೆ ತೋಟದ ದುಡ್ಡಲ್ಲಿ ಓದಿಸ್ತಿರೋದು. ಲೈಸೆನ್ಸ್ ಬಂದ್ಮೇಲೆ ಏರ್‌ಲೈನ್ ತಡ ಆದ್ರೆ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡ್ಕೊಳ್ಳೋದು, ಕಲಿಸ್ತಾ ಹಾರಿದ ಗಂಟೆ ಮುಂದೆ ಎಟಿಪಿಎಲ್‌ನ (ಏರ್‌ಲೈನ್ ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್‌ನ) 1500 ಗಂಟೆಗೂ ಸೇರ್ತದೆ. ಕ್ಲಾಸ್ 1 ಮೆಡಿಕಲ್ (ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ) ಮೊದ್ಲೇ ಮಾಡ್ಸಿ ಅಂದಿದ್ರಲ್ಲ ಅಕ್ಕ, ಅದು ಆಗಿದೆ, ಹೊಸದಾಗಿ ಸೇರೋರು ಫೀಸ್ ಕಟ್ಟೋ ಮುಂಚೆನೇ ಮಾಡ್ಸ್ಕೊಳ್ಳಿ.