ಹ್ಯಾರಿಸ್ ದ್ವೀಪದಲ್ಲಿ ಅತ್ತೆ ಜೊತೆ ಒಂದು ವಾರ

ಅಕ್ಟೋಬರ್ ರಜೆಗೆ ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ಸ್ಕಾಟ್ಲೆಂಡಿನ ದ್ವೀಪಕ್ಕೆ ಹೋಗಬಹುದಾ ಅಂತ ಮೊನ್ನೆ ಕೇಳಿದ್ದಿರಲ್ಲ, ಅದಕ್ಕೆ ಈ ಉದ್ದದ ಉತ್ತರ. ಹೋಗಬಹುದು. ಆದರೆ ಫೋಟೋದಲ್ಲಿ ಕಾಣುವ ದ್ವೀಪ ಬೇರೆ, ಅಕ್ಟೋಬರಿನ ದ್ವೀಪ ಬೇರೆ.

ಗ್ಲಾಸ್ಗೋದಿಂದ ಹೊರಟವರು ಐದು ಜನ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ, ಜುಲೈನಲ್ಲಿ ಹಾಸನದಿಂದ ಬಂದ ಅತ್ತೆ. ಸ್ಕೈ ದ್ವೀಪದಿಂದ ಹ್ಯಾರಿಸ್‌ನ ಟಾರ್ಬರ್ಟ್ ಬಂದರಿಗೆ ಫೆರಿಯಲ್ಲಿ ಒಂದೂಮುಕ್ಕಾಲು ಗಂಟೆ ಹತ್ತಿರ. ಅಷ್ಟು ಹೊತ್ತೂ ಅತ್ತೆ ಕಣ್ಣು ಮುಚ್ಚಿಕೊಂಡು, ಬಾಯಲ್ಲಿ ಪೆಪ್ಪರ್‌ಮೆಂಟ್ ಇಟ್ಟುಕೊಂಡು ಕೂತಿದ್ದರು.

ಬಿಳಿ ಮರಳಿನ ಲಸ್ಕೆಂಟೈರ್ ಬೀಚ್ ಇರುವುದು ಪಶ್ಚಿಮಕ್ಕೆ. ನಮ್ಮ ಕಾಟೇಜ್ ಪೂರ್ವಕ್ಕೆ, ಬಾಡಿಗೆ ಕಡಿಮೆ ಅಂತ. ಅಲ್ಲಿ ಬರೀ ಬಂಡೆ. ಈ ಕಲ್ಲಿಗೆ ನೈಸ್ ಅಂತಾರೆ. ಹೆಸರು ಮಾತ್ರ ನೈಸ್, ಮಳೆಯಲ್ಲಿ ನಡೆದರೆ ಸೊಂಟ ಉಳಿಯುವುದಿಲ್ಲ. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿ. ಅದಕ್ಕೂ ಇಲ್ಲಿನ ತೀರಾ ಹಳೆಯ ಕಲ್ಲಿಗೂ ಸುಮಾರು 300 ಕೋಟಿ ವರ್ಷ. ಹೋದ ವರ್ಷ ಲಾಲ್‌ಬಾಗಿನಲ್ಲಿ ಜಾರಿ ಮಂಡಿ ತರಚಿಕೊಂಡಿದ್ದ ಮಗ ಇಲ್ಲೂ ಅದೇ ಮಂಡಿ ತರಚಿಕೊಂಡ.

ಮೊದಲ ಎರಡು ದಿನ ಮಳೆ, ಗಾಳಿ, ಕೈಕೊಟ್ಟ ವೈಫೈ. ಆರೂವರೆಗೆಲ್ಲ ಕತ್ತಲು. ಮಕ್ಕಳ ಮುಖ ನೋಡಿ ನನಗೇ ಅಳು ಬಂತು. ಮೂರನೇ ದಿನ ಬಿಸಿಲು ಬಂದು ಹೊರಗೆ ಹೋದಾಗ ಒಂದು ಮನೆಯ ಪಕ್ಕ ಅತ್ತೆ ನಿಂತುಬಿಟ್ಟರು. "ನೋಡೇ, ಇಲ್ಲೂ ಬೆರಣಿ ಒಟ್ಟಿದ್ದಾರೆ!"

ಬೆರಣಿ ಅಲ್ಲ, ಪೀಟ್. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಗಿಡಗಳು ಮಣ್ಣಿನ ಹಾಗೆ ಆಗಿರುತ್ತವೆ. ಮೇ ತಿಂಗಳ ಹೊತ್ತಿಗೆ ಇಟ್ಟಿಗೆ ಥರ ಕೊಯ್ದು, ಬೇಸಿಗೆಯಲ್ಲಿ ಒಣಗಿಸಿ, ಮಳೆನೀರು ಒಳಗಿಳಿಯದ ಹಾಗೆ ಒಟ್ಟುತ್ತಾರೆ. ಒಟ್ಟುವ ಕ್ರಮ ಮಾತ್ರ ಅತ್ತೆಯ ಊರಿನದೇ ಅನ್ನಬೇಕು. ಬೆರಣಿ ಅಂದರೇನು ಅಂತ ಮಗಳು ಕೇಳಿದಳು. ಅತ್ತೆ ಸಗಣಿಯಿಂದ ಶುರು ಮಾಡಿದರು. ಮಕ್ಕಳು ಛೀ ಅಂದುಕೊಂಡೇ ಕೊನೆತನಕ ಕೇಳಿದರು.

ಗುಡ್ಡದ ಮೇಲೆ ಬಾಚಣಿಗೆ ಎಳೆದಂಥ ಸಾಲುಗಳಿದ್ದವು. ಅದನ್ನೂ ಅತ್ತೆಯೇ ಗುರುತು ಹಿಡಿದರು, ಏರುಮಡಿ ಅಂತ. ಆಮೇಲೆ ಓದಿದೆ. 19ನೇ ಶತಮಾನದಲ್ಲಿ ಜಮೀನುದಾರರು ಕುರಿ ಸಾಕಲು ಪಶ್ಚಿಮದ ಒಳ್ಳೆಯ ನೆಲದಿಂದ ಜನರನ್ನು ಎಬ್ಬಿಸಿದರು. ಪೂರ್ವಕ್ಕೆ ಬಂದವರು ಬಂಡೆಗಳ ನಡುವೆ ಮಣ್ಣು, ಕಡಲ ಪಾಚಿ ಹೊತ್ತು ಹಾಕಿ ಆಲೂಗಡ್ಡೆ ಬೆಳೆದರು. ಹೆಣ ಹೂಳುವಷ್ಟು ಮಣ್ಣೂ ಇರಲಿಲ್ಲವಂತೆ. ಗುಡ್ಡ ದಾಟಿಸಿ ಪಶ್ಚಿಮಕ್ಕೇ ಹೊತ್ತುಕೊಂಡು ಹೋಗುತ್ತಿದ್ದರು.

ಗುರುವಾರ ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆ ನೇಯುವವರೊಬ್ಬರ ಶೆಡ್‌ಗೆ ಹೋದೆವು. ಹ್ಯಾರಿಸ್ ಸೇರಿದ ಔಟರ್ ಹೆಬ್ರಿಡೀಸ್ ದ್ವೀಪಗಳವರು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದರೆ ಮಾತ್ರ ಆ ಹೆಸರು ಅಂತ 1993ರಿಂದ ಕಾನೂನೇ ಇದೆ. ಒಳಗೆ ಕಾಲಿಟ್ಟರೆ ಒದ್ದೆ ಕಂಬಳಿ ವಾಸನೆ. ದಿನಕ್ಕೆ ಎಷ್ಟು ಮೊಳ ನೇಯ್ತಾರೆ ಕೇಳು ಅಂತ ಅತ್ತೆ ಮಗಳಿಗೆ ಹೇಳಿದರು. ಅವಳಿಗೆ ಮೊಳ ಗೊತ್ತಿಲ್ಲ. ಅತ್ತೆ ಮೊಣಕೈಯಿಂದ ಬೆರಳ ತುದಿವರೆಗೆ ತೋರಿಸಿದ್ದೇ ತಡ, ಅವರು ಮಗ್ಗ ತುಳಿಯುವುದನ್ನು ನಿಲ್ಲಿಸಿ, ತಮ್ಮ ಕೈ ಪಕ್ಕಕ್ಕಿಟ್ಟು ಅಳೆದು ನಕ್ಕರು. ಅವರ ಮೊಳ ಅತ್ತೆಯದಕ್ಕಿಂತ ನಾಲ್ಕು ಬೆರಳು ಉದ್ದ.

ನೇಯುವವರು ತಮ್ಮ ಮೊಮ್ಮಗನ ಜೊತೆ ಮಾತಾಡುತ್ತಿದ್ದದ್ದು ಇಲ್ಲಿನ ಹಳೆಯ ಭಾಷೆ ಗೇಲಿಕ್‌ನಲ್ಲಿ. 2022ರ ಜನಗಣತಿಯಲ್ಲಿ ಈ ದ್ವೀಪಗಳ ಶೇ. 57 ಜನರಿಗೆ ಅಷ್ಟಿಷ್ಟಾದರೂ ಗೇಲಿಕ್ ಬರುತ್ತಿತ್ತು. 2011ರಲ್ಲಿ ಶೇ. 61 ಇತ್ತು. 2020ರಿಂದ ಒಂದನೇ ತರಗತಿಗೆ ಸೇರುವ ಮಕ್ಕಳಿಗೆ, ಅಪ್ಪ ಅಮ್ಮ ಬೇಡ ಅನ್ನದಿದ್ದರೆ, ಪಾಠ ಗೇಲಿಕ್‌ನಲ್ಲೇ. ಮಗಳು ಕಾರಿನಲ್ಲಿ ಕೇಳಿದಳು, ಇಂಗ್ಲಿಷಿನಲ್ಲೇ, ಹಾಗಾದರೆ ಆ ಹುಡುಗ ಅಜ್ಜನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲ್ವಾ ಅಂತ. ನಾನು ಸುಮ್ನೆ ಗಾಡಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಗನಿಗೆ ಗೇಣು, ಮೊಳ, ಮಾರು ಕಲಿಸುತ್ತಿದ್ದರು.

ಇನ್ನು ಹೋಗುವವರಿಗೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು, ಪೆಟ್ರೋಲ್ ತುಂಬಿಸಿಕೊಳ್ಳಿ. ಸಾರಿನ ಪುಡಿ, ಹುಣಸೆಹಣ್ಣು, ಅಕ್ಕಿ ಜಾಸ್ತಿಯೇ ಇರಲಿ. ಗಾಳಿಗೆ ಫೆರಿ ರದ್ದಾಗುವುದು ಮಾಮೂಲಿ. ನಮಗೂ ಆಯಿತು, ಒಂದು ರಾತ್ರಿ ಜಾಸ್ತಿ ಉಳಿದೆವು. ಮಾರನೇ ದಿನವೇ ಆಫೀಸಿಗೆ ಬರುತ್ತೇನೆ ಅಂತ ಮಾತು ಕೊಡಬೇಡಿ.

ಡಿಸೆಂಬರಿನಲ್ಲಿ ಅತ್ತೆ ವಾಪಸ್. ಮುಂದಿನ ಸಲ ಮೇನಲ್ಲೇ ಕರೆಸು, ಪೀಟ್ ಕೊಯ್ಯೋದು ನೋಡಬೇಕು ಅಂದಿದ್ದಾರೆ. ಈ ಸಲ ಬಾತ್‌ರೂಮ್ ಮಹಡಿಯಲ್ಲಿತ್ತು, ಅವರ ಮಂಡಿಗೆ ಕಷ್ಟ ಆಯಿತು. ಕೆಳಗಡೆಯೇ ಬಾತ್‌ರೂಮ್ ಇರುವ ಕಾಟೇಜ್ ಯಾರಿಗಾದರೂ ಗೊತ್ತಿದ್ದರೆ ಹೇಳಿ.