ಪೋಕ್ಸೊ ಪ್ರಕರಣದಲ್ಲಿ ಶಿಕ್ಷೆ ಮುಗಿಸಿ ಬಂದವರ ಮೇಲೆ ನಿಗಾ ಇಡುವವರು ಯಾರು?

ಪ್ರಶ್ನೆ:
ಪೋಕ್ಸೊ ಪ್ರಕರಣವೊಂದರಲ್ಲಿ 10 ವರ್ಷ ಜೈಲಿನಲ್ಲಿದ್ದ ವ್ಯಕ್ತಿಯೊಬ್ಬರು ಕಳೆದ ತಿಂಗಳು ನಮ್ಮ ಬೀದಿಯಲ್ಲಿರುವ ತಮ್ಮ ಮನೆಗೆ ಮರಳಿದ್ದಾರೆ. ಎದುರಿಗೇ ಅಂಗನವಾಡಿ ಇದೆ. ಅವರ ಫೋಟೊವನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ನನಗೆ ಭಯವಿದೆ, ಆದರೂ ಅದು ಸರಿಯೆನಿಸುತ್ತಿಲ್ಲ. ಬಿಡುಗಡೆಯಾದವರನ್ನು ಗಮನಿಸುವ ವ್ಯವಸ್ಥೆ ನಮ್ಮಲ್ಲಿದೆಯೇ? ಅಮೆರಿಕದಲ್ಲಿರುವಂತೆ ಅಪರಾಧಿಗಳ ಪಟ್ಟಿಯನ್ನು ನಾವೂ ನೋಡಬಹುದೇ?

ಉತ್ತರ 1 (ವಕೀಲ):
ಮೇಡಂ, ಪಟ್ಟಿ ಇದೆ, ಆದರೆ ಸಾರ್ವಜನಿಕರಿಗೆ ಅದು ಸಿಗುವುದಿಲ್ಲ. ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನಿರ್ವಹಿಸುತ್ತಿದ್ದು, ಹೆಸರು, ವಿಳಾಸ, ಛಾಯಾಚಿತ್ರ, ಬೆರಳಚ್ಚುಗಳಿರುವ ಆ ಕೋಶವನ್ನು ಪೊಲೀಸರಂಥ ತನಿಖಾ ಸಂಸ್ಥೆಗಳು ಮಾತ್ರ ತೆರೆಯಬಲ್ಲವು. ಅದು ತನಿಖೆಗೆ ನೆರವಾಗುವ ದಾಖಲೆಯೇ ಹೊರತು ನಿಗಾ ವ್ಯವಸ್ಥೆಯಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 394ನೇ ಕಲಂ ಪ್ರಕಾರ, ಶಿಕ್ಷೆ ಮುಗಿದ ಮೇಲೆ ಗರಿಷ್ಠ 5 ವರ್ಷಗಳವರೆಗೆ ವಾಸಸ್ಥಳದ ಮಾಹಿತಿ ನೀಡುತ್ತಿರಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಆದರೆ ಅದು ಕೆಲವು ಗಂಭೀರ ಅಪರಾಧಗಳಲ್ಲಿ ಎರಡನೆಯ ಸಲ ದೋಷಿಯೆನಿಸಿದವರಿಗೆ ಮಾತ್ರ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ.

ಫೋಟೊ ಹಾಕಲು ದಯವಿಟ್ಟು ಬಿಡಬೇಡಿ. ಬ್ಯೂರೊದ ವಾರ್ಷಿಕ ವರದಿಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರು, ಎಷ್ಟೋ ಸಲ ಮನೆಯವರೇ. ಅಂಥವರ ಮುಖವನ್ನು ಊರಿಗೆಲ್ಲ ತೋರಿಸಿದರೆ, ನೊಂದ ಮಗು ಯಾರೆಂಬುದನ್ನೂ ತೋರಿಸಿದಂತಾಗುತ್ತದೆ. ಮಗುವಿನ ಕುಟುಂಬ, ಶಾಲೆ, ನೆರೆಹೊರೆಯ ಸುಳಿವು ನೀಡುವುದನ್ನೂ ಪೋಕ್ಸೊದ 23ನೇ ಕಲಂ ನಿಷೇಧಿಸಿದೆ.

ಉತ್ತರ 2 (ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ):
ಇಲ್ಲಿ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಂತೆ ಬಿಡುಗಡೆಯಾದ 3 ದಿನಗಳೊಳಗೆ ಪೊಲೀಸರಿಗೆ ವಿಳಾಸ ಕೊಡಬೇಕು, ಆಮೇಲೆ ಪ್ರತಿ ವರ್ಷ ಅದನ್ನು ದೃಢಪಡಿಸಬೇಕು. 30 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾದವರಿಗೆ ಈ ಕಟ್ಟುಪಾಡಿಗೆ ಕಾಲಮಿತಿಯಿಲ್ಲ. ಇಲ್ಲಿನ ಸುಪ್ರೀಂ ಕೋರ್ಟ್‌ನ 2010ರ ತೀರ್ಪಿನ ನಂತರ, ವಯಸ್ಕರು 15 ವರ್ಷಗಳಾದ ಮೇಲೆ ಮರುಪರಿಶೀಲನೆ ಕೋರಬಹುದು. ಪೊಲೀಸ್, ಜೈಲು, ಪ್ರೊಬೇಷನ್ (ಬಿಡುಗಡೆಯಾದವರ ಮೇಲ್ವಿಚಾರಣೆ) ಇಲಾಖೆಗಳು ಒಟ್ಟಾಗಿ ಅಪಾಯವನ್ನು ಅಳೆಯುತ್ತವೆ. ನಾನು ಮೆಚ್ಚುವ ಅಂಶ ಇನ್ನೊಂದು: ತಮ್ಮ ಮಗುವಿನ ಒಡನಾಟದಲ್ಲಿರುವ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಹೆತ್ತವರು ಪೊಲೀಸರನ್ನು ಕೇಳಬಹುದು, ಅಪಾಯವಿದ್ದರೆ ಮಗುವನ್ನು ಕಾಪಾಡಬಲ್ಲವರಿಗೆ ಮಾತ್ರ, ಗುಟ್ಟಾಗಿಡಬೇಕೆಂಬ ಷರತ್ತಿನೊಡನೆ, ವಿಷಯ ತಿಳಿಸುತ್ತಾರೆ.

ಉತ್ತರ 3:
ಅಮೆರಿಕದ ಮಯಾಮಿಯಲ್ಲಿ ಶಾಲೆಗಳಿಂದ 2,500 ಅಡಿಯೊಳಗೆ ಇಂಥವರು ವಾಸಿಸಬಾರದೆಂಬ ನಿಯಮ ತಂದಾಗ, ಹತ್ತಾರು ಮಂದಿ 2010ರವರೆಗೂ ಜೂಲಿಯಾ ಟಟಲ್ ಸೇತುವೆಯಡಿ ಡೇರೆ ಹಾಕಿಕೊಂಡಿದ್ದರು. ನೆಲೆಯೇ ಇಲ್ಲದವನ ಮೇಲೆ ನಿಗಾ ಇಡುವುದು ಇನ್ನೂ ಕಷ್ಟ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1994ರಲ್ಲಿ ಪಾದ್ರಿಯೊಬ್ಬರು ಬೇರೆಯೇ ದಾರಿ ಹಿಡಿದರು: ಕೆಲವು ಸ್ವಯಂಸೇವಕರು ಬಿಡುಗಡೆಯಾದವನನ್ನು ನಿಯಮಿತವಾಗಿ ಭೇಟಿಯಾಗಿ, ಅವನಿಗೆ ಆಸರೆಯಾಗುತ್ತಲೇ ಅವನ ನಡವಳಿಕೆಗೆ ಲೆಕ್ಕವನ್ನೂ ಕೇಳುತ್ತಿದ್ದರು.

ಉತ್ತರ 1ರ ವಕೀಲ, ಮತ್ತೊಮ್ಮೆ:
ನಿಮ್ಮ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರುತ್ತಾರೆ. ಅಂಗನವಾಡಿ ಎದುರಿಗಿರುವ ಸಂಗತಿಯನ್ನು ಅವರಿಗೆ ಬರವಣಿಗೆಯಲ್ಲಿ ತಿಳಿಸಿ. ಏನಾದರೂ ಅನುಮಾನಾಸ್ಪದವಾಗಿ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆ ಮಗುವೂ ಇದೇ ಊರಿನಲ್ಲಿ ಬೆಳೆಯುತ್ತಿದ್ದಾಳೆಂಬುದು ನನಗೆ ಹೊಳೆದೇ ಇರಲಿಲ್ಲ. ಫೋಟೊ ಹಾಕಬಾರದೆಂದು ಈಗಷ್ಟೇ ಗುಂಪಿನಲ್ಲಿ ಬರೆದಿದ್ದೇನೆ; ನಾಳೆ ಬೆಳಿಗ್ಗೆ ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಠಾಣೆಗೆ ಹೋಗುತ್ತೇನೆ.