ಮೇಣದಬತ್ತಿ ಜಾಗದಲ್ಲಿ ಬಲ್ಬ್: ಹರಕೆ ಸಲ್ಲುತ್ತಾ?

ಶಂಕರಪುರ_ಮಲ್ಲಿಗೆ: ನಮ್ಮ ಚರ್ಚಿನಲ್ಲಿ ಹರಕೆಯ ಮೇಣದಬತ್ತಿ ಸ್ಟ್ಯಾಂಡ್ ತೆಗೆದು ಕರೆಂಟ್ ಬತ್ತಿ ಇಟ್ಟಿದ್ದಾರೆ. ನಾಣ್ಯ ಹಾಕಿದರೆ ಹತ್ತುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತೆ. ಹೀಗೆ ಹಚ್ಚಿದ್ದು ಹರಕೆ ಆಗುತ್ತಾ?

ಸೆಬಿ_ಕುಡ್ಲ: ಯಾಕಾಗಲ್ಲ? ಮಸಿ ಹಿಡಿದ ಗೋಡೆ ತೊಳೆದವರಿಗೆ, ನೆಲದ ಮೇಣ ಕೆರೆದವರಿಗೆ ಗೊತ್ತು ಕಷ್ಟ. ದೇವರು ನೋಡೋದು ಮನಸ್ಸು.

ರೀಟಾ_ಡಿ: ಮನಸ್ಸೇ ಸಾಕಾದರೆ ಬಲ್ಬೂ ಬೇಡವಲ್ಲ ಸೆಬಿ! ಈಸ್ಟರ್ ಹಿಂದಿನ ರಾತ್ರಿ ನೆನೆಸಿಕೊಳ್ಳಿ. ಚರ್ಚಿನ ದೀಪವೆಲ್ಲ ಆರಿಸಿ ಹೊರಗೆ ಹೊಸ ಬೆಂಕಿ ಮಾಡ್ತಾರೆ. ಪಾಸ್ಖ ಬತ್ತಿ, ಅಂದ್ರೆ ಈಸ್ಟರಿನ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕಿನ ಮೊದಲ, ಕೊನೆಯ ಅಕ್ಷರಗಳಾದ ಆಲ್ಫಾ, ಒಮೆಗಾ, ಆ ವರ್ಷದ ನಾಲ್ಕು ಅಂಕಿ. ಯೇಸುವಿನ ಐದು ಗಾಯಗಳ ಗುರುತಿಗೆ ಐದು ಧೂಪದ ಕಾಳು. ಆ ಬತ್ತಿಯನ್ನು ಹೊಸ ಬೆಂಕಿಯಿಂದಲೇ ಹಚ್ಚಿ ಕತ್ತಲೊಳಗೆ ತರ್ತಾರೆ. ಅದರಿಂದ ಒಬ್ಬರು, ಅವರಿಂದ ಪಕ್ಕದವರು ಹಚ್ಚಿಕೊಳ್ತಾ ಹೋಗಿ ಕೊನೇ ಬೆಂಚಿನವರ ಮುಖವೂ ಕಾಣುತ್ತೆ. ಆಮೇಲೆ ಹಾಡುವ ಸ್ತುತಿಯಲ್ಲಿ ಜೇನುನೊಣಗಳ ದುಡಿಮೆ ಬರುತ್ತೆ, ಹಂಚಿದರೂ ಕುಂದದ ಬೆಂಕಿಯ ಮಾತು ಬರುತ್ತೆ. ಬಲ್ಬಿನಿಂದ ಬಲ್ಬ್ ಹಚ್ಚಿ ತೋರಿಸಿ ನೋಡೋಣ. 1988ರಲ್ಲಿ ವ್ಯಾಟಿಕನ್ ಹೊರಡಿಸಿದ ಸುತ್ತೋಲೆಯೂ ಪಾಸ್ಖ ಬತ್ತಿ ಮೇಣದ್ದೇ ಆಗಿರಬೇಕು, ಕೃತಕ ಕೂಡದು, ವರ್ಷ ವರ್ಷ ಹೊಸದು ಬೇಕು ಅಂದಿದೆ.

ಸೆಬಿ_ಕುಡ್ಲ: ಅದು ಪಾಸ್ಖ ಬತ್ತಿಗೆ ಹೇಳಿದ್ದು ಅಕ್ಕ. ಹರಕೆ ಸ್ಟ್ಯಾಂಡಿಗೆ ಯಾಕೆ ಎಳೀತೀರಿ?

ಹಾಸನ್_ಹುಡುಗ: ನಾನು ಕ್ರೈಸ್ತನಲ್ಲ, ಆದರೆ ಅತ್ತೂರು ಚರ್ಚಿನ ಜಾತ್ರೇಲಿ ಬತ್ತಿ ಹಚ್ಚಿ ಬಂದವನು, ಅದಕ್ಕೇ ಬಾಯಿ ಹಾಕ್ತಿದೀನಿ. ಗುಜರಾತಿನ ಉದ್ವಾಡದಲ್ಲಿ ಪಾರ್ಸಿಗಳ ಪವಿತ್ರ ಬೆಂಕಿ ಇರಾನ್‌ಷಾನ ತಲೆಮಾರುಗಳಿಂದ ಆರದ ಹಾಗೆ ಕಾಯ್ತಿದಾರೆ. ಪುರೋಹಿತರು ಉಸಿರು ತಾಗಬಾರದು ಅಂತ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ದಿನಕ್ಕೆ ಐದು ಸಲ ಶಾಸ್ತ್ರ ಮಾಡಿ ಕಟ್ಟಿಗೆ ಒಪ್ಪಿಸ್ತಾರೆ. ಬೆಂಕಿಗೆ ಉಣಿಸೋರು ಬೇಕು ಗುರೂ, ಬಲ್ಬಿಗೆ ಮೆಸ್ಕಾಂ ಸಾಕು.

ಸೆಬಿ_ಕುಡ್ಲ: ಹ್ಹ ಹ್ಹ, ಒಪ್ಪಿದೆ. ಆದ್ರೆ ಉದ್ವಾಡದಲ್ಲಿ ಅದನ್ನೇ ಕಾಯೋ ಪುರೋಹಿತರಿದ್ದಾರೆ. ನಮ್ಮಲ್ಲಿ ಬತ್ತಿ ಹಚ್ಚಿ ಮನೆಗೆ ಹೋಗ್ತಾರೆ, ಪಕ್ಕದಲ್ಲೇ ಪ್ಲಾಸ್ಟಿಕ್ ಹೂವಿನ ಹಾರ. ಬೆಂಕಿ ಹೊತ್ತಿಕೊಂಡರೆ ಯಾರು ಜವಾಬ್ದಾರಿ?

ರೀಟಾ_ಡಿ: ಹಾಗಾದರೆ ಹಾರ ತೆಗೀರಿ, ಬತ್ತಿ ಯಾಕೆ? ಕರಗಿ ಮುಗಿಯೋದೇ ಅದರ ಅರ್ಪಣೆ. ಟೈಮರ್ ಆಫ್ ಆದರೆ ಕೊಟ್ಟಿದ್ದೇನು?

ಸೆಬಿ_ಕುಡ್ಲ: ನಾಣ್ಯ ಕೊಟ್ಟಿಲ್ವಾ!

ಶಂಕರಪುರ_ಮಲ್ಲಿಗೆ: ಜಗಳ ಬೇಡ. ಅಂಗಳದ ಶಿಲುಬೆ ಹತ್ತಿರ ಮರಳು ತುಂಬಿದ ಕಬ್ಬಿಣದ ತಟ್ಟೆ ಇಡಬಹುದಾ ಅಂತ ಈ ಭಾನುವಾರ ಫಾದರ್ ಹತ್ರ ಕೇಳ್ತೀನಿ.

ಸೆಬಿ_ಕುಡ್ಲ: ಕೇಳಿ. ಮೇಣ ಕೆರೆಯೋ ಪಾಳಿಗೆ ರೀಟಾಕ್ಕನ ಹೆಸರು ಮೊದಲು ಬರೆಸಿ.